ಪುಟದ ಚೆಂದ, ಪುಟದ ನಡತೆ

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ನಮ್ಮ ಓದುಬಳಗದ ಹುಡುಗನೊಬ್ಬ ಮೊಬೈಲು ಹಿಡಿದುಕೊಂಡು ಬಂದ. ನಮ್ಮ ಕ್ಷೇತ್ರದ ಮೂವರು ಅಭ್ಯರ್ಥಿಗಳ ವೆಬ್‌ಸೈಟು ನೋಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದ್ದ. ಕಂಟ್ರಾಕ್ಟರ್ ಅಭ್ಯರ್ಥಿಗೆ ಒಂಬತ್ತು. ಹಳೇ ಹುಲಿ ಒಬ್ಬರಿಗೆ ಏಳು. ನಾವೆಲ್ಲ ಹಗಲೂ ರಾತ್ರಿ ಕೇರಿ ಕೇರಿ ತಿರುಗಿ ಕರಪತ್ರ ಹಂಚುತ್ತಿದ್ದ ನಮ್ಮ ಪಕ್ಷೇತರ ಗೆಳೆಯನಿಗೆ ಎರಡು.

"ಯಾಕಪ್ಪಾ, ಎರಡೇ ಎರಡು?" ಅಂದೆವು.

"ನೋಡೋಕಾಗಲ್ಲ ಸಾರ್. ನೀಲಿ ಮೇಲೆ ಕಡುನೀಲಿ ಅಕ್ಷರ. ತೆರೆಯೋಕೇ ಮೂರು ನಿಮಿಷ ತಗೊಳುತ್ತೆ. ಎಲ್ಲಿ ಒತ್ತಿದರೆ ಏನು ಬರುತ್ತೆ ಗೊತ್ತಾಗಲ್ಲ. ಆ ಕಡೆಯವರದು ನೋಡಿ, ಬೆಣ್ಣೆ ಥರ ಇದೆ."

ಮೊದಲು ನಕ್ಕೆವು. ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಅಭ್ಯರ್ಥಿಯ ಪುಟ ಒಳ್ಳೆಯದು, ಕೆಟ್ಟದ್ದು ಅಂತ ನಾವು ಯಾವುದರಿಂದ ಹೇಳಬೇಕು? ಇದು ಕಂಪ್ಯೂಟರಿನವರ ಪ್ರಶ್ನೆ, ಚಳವಳಿಯವರಿಗೆ ಯಾಕೆ ಅಂತ ಕೆಲವು ಗೆಳೆಯರು ಕೇಳಿದರು. ನಮಗೆ ಹಾಗನ್ನಿಸುವುದಿಲ್ಲ. ಓಟು ಕೇಳಲು ಬಂದವನು ನಮ್ಮನ್ನು ಎಲ್ಲಿ ನಿಲ್ಲಿಸಿ ಮಾತಾಡಿಸುತ್ತಾನೆ ಅನ್ನುವುದು ಯಾವತ್ತೂ ನಮ್ಮ ಪ್ರಶ್ನೆಯೇ. ಹಿಂದೆ ಜಗುಲಿಯ ಮೇಲೋ, ಅಂಗಳದಲ್ಲೋ, ಬೀದಿಯಲ್ಲೋ ಅಂತ ಇತ್ತು. ಈಗ ಅಂಗೈಯಗಲದ ಗಾಜಿನ ಮೇಲೆ.

ಹುಡುಗನ ಅಂಕ ನಮಗೆ ಚುಚ್ಚಿದ್ದಕ್ಕೆ ಕಾರಣ ಇದೆ. ಈ ದೇಶ ನಮ್ಮನ್ನು ಮೊದಲಿಂದ ಅಳೆದದ್ದೇ ನೋಟದಿಂದ. ಉಟ್ಟ ಬಟ್ಟೆ, ಮೈಬಣ್ಣ, ಬಾಯಿಂದ ಬಿದ್ದ ಮಾತು. ಹಕಾರ ಅಕಾರವಾದರೆ ಬುದ್ಧಿಯೇ ಕಮ್ಮಿ ಅಂತ ನಕ್ಕ ತರಗತಿಗಳಲ್ಲಿ ಕೂತು ಬಂದವರು ನಾವು. ಈಗ ನಮ್ಮದೇ ಹುಡುಗ, ನಮ್ಮದೇ ಹಾಸ್ಟೆಲಿನಲ್ಲಿ ಓದಿದವನು, ನುಣುಪಾಗಿದ್ದದ್ದಕ್ಕೆ ಒಂಬತ್ತು, ಒರಟಾಗಿದ್ದದ್ದಕ್ಕೆ ಎರಡು ಕೊಡುತ್ತಾನೆ. ಅಂದರೆ ಮೇಲಿನವರ ಕಣ್ಣನ್ನು ನಾವೇ ಎರವಲು ತಂದು ನಮ್ಮ ಮುಖಕ್ಕೆ ಹಾಕಿಕೊಂಡಿದ್ದೇವೆ.

ನುಣುಪಿಗೆ ದುಡ್ಡು ಬೇಕು. ದೊಡ್ಡ ರಾಜ್ಯಗಳ ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿಯನ್ನು 2022ರ ಜನವರಿಯಲ್ಲಿ 40 ಲಕ್ಷ ರೂಪಾಯಿಗೆ ಏರಿಸಿದರು. ನಮ್ಮ ಗೆಳೆಯ ಪರಿಶಿಷ್ಟ ಜಾತಿಯವನಾದ್ದರಿಂದ ಕಟ್ಟಬೇಕಾದ ಠೇವಣಿ 5,000. ಅದನ್ನೇ ಹನ್ನೊಂದು ಜನ ಸೇರಿ ಕೂಡಿಸಿದ್ದೆವು. ವೆಬ್‌ಸೈಟಿಗೂ ಇಂಟರ್‌ನೆಟ್ ಜಾಹೀರಾತಿಗೂ ಮಾಡಿದ ಖರ್ಚನ್ನು ಅಭ್ಯರ್ಥಿಯ ಲೆಕ್ಕದಲ್ಲಿ ತೋರಿಸಬೇಕು ಅಂತ ಚುನಾವಣಾ ಆಯೋಗ 2013ರ ಅಕ್ಟೋಬರಿನಲ್ಲೇ ಹೇಳಿದೆ. ಆದರೆ ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಒಟ್ಟು ಖರ್ಚಿಗೆ ಮಿತಿ ಅನ್ನುವುದೇ ಇಲ್ಲ. ಹೀಗಿರುವಾಗ ಪುಟದ ಚೆಂದಕ್ಕೆ ಅಂಕ ಕೊಡುವುದು ಅಂದರೆ ಥೈಲಿಗೆ ಅಂಕ ಕೊಟ್ಟಂತೆ.

ಹಾಗಂತ ಪುಟವನ್ನು ಅಳೆಯುವುದೇ ಬೇಡವೇ? ನಮ್ಮವನದು ಅಂದ ಕೂಡಲೇ ಕಣ್ಣು ಮುಚ್ಚಿಕೊಂಡು ಹತ್ತು ಕೊಡುವುದೇ? ಅದೂ ಸೋಗಲಾಡಿತನ. ನಾವು ಬೇರೆ ಅಳತೆಗೋಲು ಹುಡುಕಬೇಕು.

ಮಹಾಡದ ಚವದಾರ್ ಕೆರೆ ನೆನೆಯೋಣ. 1923ರಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದ ಠರಾವು ಪಾಸಾಯಿತು: ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ. 1924ರಲ್ಲಿ ಮಹಾಡದ ಪುರಸಭೆಯೂ ತನ್ನ ಕೆರೆ ಮುಕ್ತ ಅಂತ ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆಯಿತು. ಒಬ್ಬನಾದರೂ ಇಳಿದು ಬೊಗಸೆ ನೀರು ಕುಡಿಯಲು ಆಯಿತೇ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಮುಂದೆ ನಡೆದು ಹೋಗಿ ಆ ನೀರು ಮುಟ್ಟುವವರೆಗೆ ಆ ಠರಾವು ಬರೀ ಅಕ್ಷರ. ಮುಟ್ಟಿ ಬಂದವರಿಗೆ ಏಟು ಬಿತ್ತು, ಕೆರೆಯನ್ನು 'ಶುದ್ಧಿ' ಮಾಡಿದರು, ಅದು ಬೇರೆ ಕತೆ. ನಮಗಿಲ್ಲಿ ಬೇಕಾದದ್ದು ಇಷ್ಟು: ತೆರೆದಿದೆ ಅನ್ನುವುದು ಬೇರೆ, ಬಳಸಲು ಬರುತ್ತದೆ ಅನ್ನುವುದು ಬೇರೆ. ಹೋಟ್ಲಿನ ಬೋರ್ಡಿನ ಮೇಲೆ ಸರ್ವರಿಗೂ ಸುಸ್ವಾಗತ ಅಂತ ಇರುತ್ತಿತ್ತು, ನಮ್ಮ ಲೋಟ ಹಿತ್ತಲ ಗೋಡೆಯ ಮೇಲೆ ಇರುತ್ತಿತ್ತು.

ಕಂಪ್ಯೂಟರಿನವರು 'ಬಳಕೆಗೆ ಸುಲಭ' ಅನ್ನುತ್ತಾರಲ್ಲ, ಆ ಮಾತಿನ ಬೇರು ಇಲ್ಲಿದೆ ಅಂತ ನಾವು ತಿಳಿದಿದ್ದೇವೆ. ಬರುವವನಿಗೆ ಸಲೀಸಾಗಿರಬೇಕು. ಒಳ್ಳೆಯ ಮಾತು. ಆದರೆ ಅದನ್ನು ಅವರು ಅಳೆಯುವುದು ಹೇಗೆ?

ಈ ವಿದ್ಯೆ ಚುನಾವಣೆಯಲ್ಲಿ ಹದಗೊಂಡದ್ದು ಅಮೆರಿಕದಲ್ಲಿ. 2007ರ ಡಿಸೆಂಬರಿನಲ್ಲಿ ಬರಾಕ್ ಒಬಾಮಾ ಅವರ ಪ್ರಚಾರದ ತಂಡ ಒಂದು ಪ್ರಯೋಗ ಮಾಡಿತು. ವೆಬ್‌ಸೈಟಿನ ಮೊದಲ ಪುಟದ ಗುಂಡಿಯ ಮೇಲೆ ನಾಲ್ಕು ಬಗೆಯ ಮಾತು. ಮೇಲೆ ಮೂರು ಫೋಟೋ, ಮೂರು ವಿಡಿಯೋ. ಎಲ್ಲ ಕೂಡಿಸಿ 24 ಬಗೆಯ ಪುಟ. ಬಂದ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯದನ್ನು ತೋರಿಸಿ, ಎಷ್ಟು ಮಂದಿ ತಮ್ಮ ಇಮೇಲ್ ವಿಳಾಸ ಕೊಟ್ಟು ಹೋದರು ಅಂತ ಎಣಿಸಿದರು. ತಂಡದವರಿಗೆ ವಿಡಿಯೋ ಮೇಲೆ ಪ್ರೀತಿ. ಜನರಿಗೆ ವಿಡಿಯೋ ಬೇಕಾಗಿರಲಿಲ್ಲ. ಮೂರೂ ವಿಡಿಯೋಗಳು ಮೂರೂ ಫೋಟೋಗಳಿಗಿಂತ ಹಿಂದೆ ಬಿದ್ದವು. ಗೆದ್ದದ್ದು ಹೆಂಡತಿ ಮಕ್ಕಳ ಜೊತೆಗಿನ ಫೋಟೋ, ಅದರ ಕೆಳಗೆ 'ಇನ್ನಷ್ಟು ತಿಳಿಯಿರಿ' ಅನ್ನುವ ಗುಂಡಿ. ಮೊದಲಿನ ಪುಟದಲ್ಲಿ ನೂರಕ್ಕೆ 8.26 ಮಂದಿ ವಿಳಾಸ ಕೊಡುತ್ತಿದ್ದರು, ಹೊಸದರಲ್ಲಿ 11.6. ಅಂದರೆ ನೂರಕ್ಕೆ 40ರಷ್ಟು ಏರಿಕೆ, ಎರಡು ಮಾತು ಮತ್ತು ಒಂದು ಫೋಟೋದಿಂದ.

ಇದನ್ನು ಓದಿದಾಗ ನಮಗೆ ಎರಡು ಮನಸ್ಸಾಯಿತು. ಮೇಲೆ ಕೂತವರ ಅಭಿರುಚಿಯನ್ನು ಬದಿಗಿಟ್ಟು ಬಂದ ಜನ ಏನು ಮಾಡುತ್ತಾರೆ ಅಂತ ನೋಡಿದ್ದು ಸರಿಯೇ ಅನ್ನಿಸಿತು. ನಮ್ಮ ಸಂಘಟನೆಗಳಲ್ಲಿ ಆ ವಿನಯ ಎಲ್ಲಿದೆ? ನಾವು ಬರೆದ ಕರಪತ್ರ ಓದಿದವರಿಗೆ ಅರ್ಥವಾಯಿತೋ ಇಲ್ಲವೋ ಅಂತ ಒಂದು ದಿನವಾದರೂ ಕೇಳಿದ್ದೇವೆಯೇ? ಇನ್ನೊಂದು ಕಡೆ ಅಳುಕು. ಇಲ್ಲಿ ಎಣಿಸಿದ್ದು ಬಂದವನಿಗೆ ಏನು ತಿಳಿಯಿತು ಅಂತಲ್ಲ, ಬಂದವನಿಂದ ಏನು ಸಿಕ್ಕಿತು ಅಂತ. ಗುಂಡಿಯ ಮೇಲೆ 'ಇನ್ನಷ್ಟು ತಿಳಿಯಿರಿ' ಅಂತ ಇದೆ, ತಂಡ ತಿಳಿದುಕೊಂಡದ್ದು ಅವನ ವಿಳಾಸವನ್ನು. ದನದ ಸಂತೆಯಲ್ಲಿ ಟವೆಲಿನ ಅಡಿ ಬೆರಳು ಹಿಡಿದು ವ್ಯಾಪಾರ ಮಾಡುವಾಗಲೂ ಎರಡು ಕೈಗೂ ಬೆಲೆ ಗೊತ್ತಿರುತ್ತದೆ. ಇಲ್ಲಿ ಒಂದು ಕೈಗೆ ಮಾತ್ರ ಗೊತ್ತು.

ಹದಿಮೂರು ವರ್ಷ ಕಳೆದ ಮೇಲೆ ಅದೇ ವಿದ್ಯೆ ಎಲ್ಲಿಗೆ ಮುಟ್ಟಿತು ಅನ್ನುವುದನ್ನೂ ಹೇಳಬೇಕು. 2020ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಪ್ರಚಾರಕ್ಕೆ ಜನ ಚಂದಾ ಕೊಡುವ ಪುಟದಲ್ಲಿ ಒಂದು ಹಳದಿ ಚೌಕ. ಅದರಲ್ಲಿ ಟಿಕ್ ಗುರುತು ಮೊದಲೇ ಬಿದ್ದಿರುತ್ತಿತ್ತು. ಕೊಡುವವನು ಅದನ್ನು ನೋಡಿ ತಾನೇ ತೆಗೆಯದೆ ಹೋದರೆ ಒಂದು ಸಲದ ಚಂದಾ ತಿಂಗಳು ತಿಂಗಳೂ, ಚುನಾವಣೆ ಹತ್ತಿರವಾದಂತೆ ವಾರ ವಾರವೂ ಅವನ ಖಾತೆಯಿಂದ ಹೋಗುತ್ತಿತ್ತು. ಮೇಲೆ ದಪ್ಪಕ್ಷರದ ಅಬ್ಬರ; 'ಪ್ರತಿ ವಾರ' ಅನ್ನುವ ಮಾತು ಕೆಳಗೆ ಸಣ್ಣಕ್ಷರದಲ್ಲಿ. ಪಿಂಚಣಿ ಮೇಲೆ ಬದುಕುವ ಮುದುಕರ ಖಾತೆ ಬರಿದಾಗಿ, ಬ್ಯಾಂಕಿಗೆ ದೂರು ಹೋಗಿ, ಆ ಒಂದು ವರ್ಷದಲ್ಲಿ ಹಿಂತಿರುಗಿಸಿದ ಹಣ 12 ಕೋಟಿ ಡಾಲರಿಗೂ ಹೆಚ್ಚು. ಆ ದಾರಿಯಲ್ಲಿ ಬಂದ ಚಂದಾದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2021ರ ಏಪ್ರಿಲ್‌ನಲ್ಲಿ ಇದನ್ನು ಬಯಲಿಗಿಟ್ಟಿತು. ಮೇ ತಿಂಗಳಲ್ಲಿ ಅಲ್ಲಿನ ಚುನಾವಣಾ ಆಯೋಗ, ಎರಡೂ ಪಕ್ಷಗಳ ಕಡೆಯ ಸದಸ್ಯರು ಒಮ್ಮತದಿಂದ, ಇಂಥ ಮೊದಲೇ ಟಿಕ್ ಮಾಡಿದ ಚೌಕವನ್ನು ಕಾನೂನು ತಂದು ನಿಷೇಧಿಸಿ ಅಂತ ಸಂಸತ್ತಿಗೆ ಶಿಫಾರಸು ಮಾಡಿತು. ಎದುರು ಪಕ್ಷದ ಕೆಲವು ಸಮಿತಿಗಳೂ ಇಂಥ ಚೌಕ ಬಳಸಿದ್ದುಂಟು, ಇದನ್ನೂ ಬರೆಯದಿದ್ದರೆ ತಪ್ಪಾದೀತು.

ಈಗ ಯೋಚಿಸಿ. ಹುಡುಗನ ಅಂಕಪಟ್ಟಿಯಲ್ಲಿ ಈ ಹಳದಿ ಚೌಕದ ಪುಟಕ್ಕೆ ಎಷ್ಟು ಬರುತ್ತಿತ್ತು? ಒಂಬತ್ತೂ ಬರಬಹುದಿತ್ತು. ಬೇಗ ತೆರೆಯುತ್ತದೆ, ಗುಂಡಿ ದೊಡ್ಡದು, ಎರಡು ಸಲ ಒತ್ತಿದರೆ ಕೆಲಸ ಮುಗಿಯಿತು. ಬಳಕೆಗೆ ಬಹಳ ಸುಲಭ. ಮೀನಿಗೆ ಗೂರಿಯೊಳಗೆ ನುಗ್ಗುವುದೂ ಸುಲಭವೇ. ಒಳಗೆ ಹೋಗುವ ಬಾಯಿ ಅಗಲ, ಹೊರಗೆ ಬರುವಲ್ಲಿ ಬಿದಿರ ಕಡ್ಡಿಯ ಮುಳ್ಳು. ಯಾರಿಗೆ ಸುಲಭ ಅಂತ ಕೇಳದೆ ಸುಲಭವನ್ನು ಹೊಗಳಬಾರದು ಅನ್ನುವುದು ನಮಗೆ ಇಲ್ಲಿ ಹೊಳೆಯಿತು. ಜೀತಕ್ಕೆ ಸೇರಿಸಿಕೊಳ್ಳುವಾಗಲೂ ಹೆಬ್ಬೆಟ್ಟು ಒತ್ತುವುದು ಒಂದು ಗಳಿಗೆಯ ಕೆಲಸವಾಗಿತ್ತು. ಬಿಡಿಸಿಕೊಳ್ಳಲು ಮೂರು ತಲೆಮಾರು.

ಆದ್ದರಿಂದ ನಾವು ಪುಟದ ಚೆಂದವನ್ನು ಬಿಟ್ಟು ನಡತೆಯನ್ನು ನೋಡಬೇಕು. ಮನುಷ್ಯನ ನಡತೆಯನ್ನು ನೋಡುವ ಹಾಗೆಯೇ. ಕೇಳಿದ್ದಕ್ಕೆ ನೇರ ಹೇಳುತ್ತದೆಯೇ? ಹೇಳಬೇಕಾದ್ದನ್ನು ಮೂಲೆಗೆ ತಳ್ಳುತ್ತದೆಯೇ? ನಮ್ಮ ಪರವಾಗಿ ತಾನೇ ಹೂಂ ಅಂದುಬಿಡುತ್ತದೆಯೇ? ಬೇಡ ಅಂದರೆ ಬಿಡುತ್ತದೆಯೇ? ಮತ್ತೆ ಎಲ್ಲಕ್ಕಿಂತ ಮೊದಲು, ಯಾರು ಬರಬಹುದು ಅಂತ ಅಂದುಕೊಂಡು ಕಟ್ಟಿದ್ದಾರೆ?

ಈ ಕೊನೆಯ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉತ್ತರ ಸಿಕ್ಕಿತ್ತು. 1951-52ರ ಮೊದಲ ಮಹಾ ಚುನಾವಣೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಅಕ್ಷರ ಬಾರದು. ಓದಲು ಬರುವವರಿಗೆ ಮಾತ್ರ ಓಟು ಅನ್ನಬೇಕು ಅಂತ ಹೇಳುವವರು ಆಗ ಬೇಕಾದಷ್ಟು ಜನ ಇದ್ದರು. ಅದರ ಬದಲು ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟರು, ಪೆಟ್ಟಿಗೆಯ ಮೇಲೆ ಗುಡಿಸಲು, ಜೋಡೆತ್ತು ಅಂತ ಒಂದು ಗುರುತು ಅಂಟಿಸಿದರು. ಚೀಟಿಯ ಮೇಲೆ ಏನೂ ಬರೆಯಬೇಕಾಗಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರೆ ಆಯಿತು. ಅದರಲ್ಲಿ ತೊಡಕುಗಳಿದ್ದವು, ಮುಂದೆ ಒಂದೇ ಚೀಟಿಯ ಮೇಲೆ ಎಲ್ಲ ಗುರುತು ಅಚ್ಚು ಹಾಕುವ ಪದ್ಧತಿ ಬಂತು. ಆದರೂ ನೋಡಿ, ಕಟ್ಟುವಾಗ ಕಣ್ಣ ಮುಂದೆ ಇದ್ದದ್ದು ಸಾಲಿನ ಕೊನೆಯಲ್ಲಿ ನಿಂತವಳು. ಅವಳಿಗೆ ಆದರೆ ಎಲ್ಲರಿಗೂ ಆಗುತ್ತದೆ. ಅಭ್ಯರ್ಥಿಗಳ ವೆಬ್‌ಸೈಟುಗಳು ಇದಕ್ಕೆ ತಲೆಕೆಳಗು. ಹೊಸ ಮೊಬೈಲು, ವೇಗದ ನೆಟ್‌ವರ್ಕ್, ಚುರುಕು ಕಣ್ಣು, ಇಂಗ್ಲಿಷು ಇದ್ದವನಿಂದ ಶುರುವಾಗುತ್ತವೆ. ಕೊನೆಯವಳ ತನಕ ಬರುವಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತದೆ.

ಮುಚ್ಚಿಡುವುದರ ಮಾತಿಗೆ ಬರೋಣ. ಅಭ್ಯರ್ಥಿಯ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಕೇಸು ಇವನ್ನು ಮತದಾರ ತಿಳಿಯುವುದು ಹಕ್ಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದರಿಂದ ಪ್ರಮಾಣಪತ್ರ ಬಂತು, ಅದೇ ಫಾರಂ 26. ಒಳ್ಳೆಯದು. ಆದರೆ ಆ ಪ್ರಮಾಣಪತ್ರ ಜನರಿಗೆ ಸಿಗುವುದು ಯಾವ ರೂಪದಲ್ಲಿ? ಸ್ಕ್ಯಾನ್ ಮಾಡಿದ ಪುಟಗಳಲ್ಲಿ. ನೋಟರಿಯ ಮೊಹರು, ಓರೆಯಾದ ಸಾಲು, ಮಸುಕು ಕೈಬರಹ, ಐಪಿಸಿ ಕಲಮುಗಳ ಅಂಕಿ. ಮೊಬೈಲಿನಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡಿದರೆ ವಕೀಲನಿಗೆ ಅರ್ಥವಾದೀತು.

ಪಕ್ಷಗಳ ಕತೆ ಇನ್ನೂ ಚೆನ್ನಾಗಿದೆ. ಕೇಸು ಇರುವ ಅಭ್ಯರ್ಥಿಗಳ ವಿವರವನ್ನು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2020ರ ಫೆಬ್ರವರಿಯಲ್ಲಿ ಇನ್ನೂ ಬಿಗಿ ಮಾಡಿತು: ಕೇಸಿಲ್ಲದವನನ್ನು ಬಿಟ್ಟು ಇವನನ್ನೇ ಯಾಕೆ ಆರಿಸಿದಿರಿ ಅಂತ ಕಾರಣ ಕೊಡಿ, 'ಗೆಲ್ಲುತ್ತಾನೆ' ಅನ್ನುವುದೊಂದೇ ಕಾರಣ ನಡೆಯದು. ಪಕ್ಷಗಳು ಹಾಕಿದವು, ಹಾಕದೆ ಇದ್ದವು, ಹಾಕಿದರೂ ಯಾರೂ ಕಾಣದ ಮೂಲೆಗೆ ಹಾಕಿದವು. ಕೊನೆಗೆ 2021ರ ಆಗಸ್ಟ್ 10ರಂದು ಕೋರ್ಟ್ ಬಿಹಾರ ಚುನಾವಣೆಯ ವಿಚಾರದಲ್ಲಿ ಎಂಟು ಪಕ್ಷಗಳಿಗೆ ದಂಡ ಹಾಕಿತು, ಜೊತೆಗೆ ಒಂದು ಮಾತು ಸೇರಿಸಿತು: ಈ ವಿವರ ಪಕ್ಷದ ವೆಬ್‌ಸೈಟಿನ ಮುಖಪುಟದಲ್ಲೇ ಇರಬೇಕು, ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳು ಅನ್ನುವ ತಲೆಬರಹವೇ ಅಲ್ಲಿ ಕಾಣಬೇಕು.

ಯಾವ ಗುಂಡಿ ಎಲ್ಲಿರಬೇಕು ಅಂತ ದೇಶದ ಅತ್ಯುನ್ನತ ನ್ಯಾಯಾಲಯ ಕೂತು ಹೇಳಬೇಕಾಯಿತು! ಇನ್ನು ಯಾರಾದರೂ ಪುಟ ಜೋಡಿಸುವುದು ಬರೀ ಕಸುಬಿನ ವಿಚಾರ, ಅದರಲ್ಲಿ ನ್ಯಾಯ ಅನ್ಯಾಯ ಎಲ್ಲಿಂದ ಬಂತು ಅಂತ ಕೇಳಿದರೆ ಈ ತೀರ್ಪನ್ನು ತೋರಿಸಬಹುದು. ದೇಣಿಗೆಯ ಗುಂಡಿ ಎಲ್ಲಿಡಬೇಕು ಅಂತ ಯಾವ ಪಕ್ಷಕ್ಕೂ ಯಾವ ಕೋರ್ಟೂ ಹೇಳಿಕೊಡಬೇಕಾಗಿಲ್ಲ.

ಈ ಅಳತೆಗೋಲು ಹಿಡಿದು ಆ ಒಂಬತ್ತು ಅಂಕದ ಪುಟವನ್ನು ಮತ್ತೆ ತೆರೆದೆವು. ಡ್ರೋನಿನಿಂದ ತೆಗೆದ ಕೆರೆ, ಹೊಲ, ದೇವಸ್ಥಾನದ ಗೋಪುರ. ಕೇರಿ ಎಲ್ಲೂ ಇಲ್ಲ, ಅಷ್ಟು ಎತ್ತರದಿಂದ ನೋಡಿದರೆ ಕೇರಿ ಕಾಣುವುದಿಲ್ಲವೇನೋ. ನಮಸ್ಕಾರ ಮಾಡುತ್ತಿರುವ ಅಭ್ಯರ್ಥಿ. 'ಅಣ್ಣನೊಂದಿಗೆ ಕೈಜೋಡಿಸಿ' ಅನ್ನುವ ಗುಂಡಿ. ಒತ್ತಿದರೆ ಹೆಸರು, ಮೊಬೈಲ್ ನಂಬರು, ಊರು, ಬೂತು ಕೇಳುತ್ತದೆ. ಯಾಕೆ ಕೇಳುತ್ತೀರಿ, ಅದನ್ನು ಯಾರಿಗೆ ಕೊಡುತ್ತೀರಿ ಅನ್ನುವುದಕ್ಕೆ ಒಂದು ಸಾಲಿಲ್ಲ. ಬಗರ್‌ಹುಕುಂ ಜಮೀನಿನ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ, ಹಾಸ್ಟೆಲಿನ ಬಗ್ಗೆ ಒಂದು ಮಾತಿಲ್ಲ. ಹುಡುಗ ಸುಮ್ಮನೆ ನೋಡುತ್ತಿದ್ದ.

ಇಲ್ಲಿಗೆ ನಿಲ್ಲಿಸಿದ್ದರೆ ನಮಗೂ ಹಾಯಾಗಿರುತ್ತಿತ್ತು. ನಮ್ಮ ಜೊತೆಗಾರ ಮೇಷ್ಟ್ರೊಬ್ಬರಿದ್ದಾರೆ, ಅವರಿಗೆ ಕಣ್ಣು ಕಾಣುವುದಿಲ್ಲ. ಮೊಬೈಲು ಅವರಿಗೆ ಓದಿ ಹೇಳುತ್ತದೆ. ಬೆರಳು ಮುಟ್ಟಿದ ಕಡೆ ಇರುವ ಅಕ್ಷರವನ್ನು ಅದು ಗಟ್ಟಿಯಾಗಿ ಉಚ್ಚರಿಸುತ್ತದೆ. ಆದರೆ ಅಕ್ಷರ ಅಕ್ಷರವಾಗಿಯೇ ಇರಬೇಕು, ಫೋಟೋದೊಳಗೆ ಸೇರಿಕೊಂಡಿದ್ದರೆ ಅದರ ಪಾಲಿಗೆ ಅದು ಬರೀ ಚಿತ್ರ. ಎರಡೂ ಪುಟಗಳನ್ನು ಅವರ ಕೈಗೆ ಕೊಟ್ಟೆವು.

ಕಂಟ್ರಾಕ್ಟರನ ಪುಟ "ಚಿತ್ರ, ಚಿತ್ರ" ಅಂದಿತು. ನಂಬರು ಕೇಳುವ ಜಾಗಕ್ಕೆ ಬಂದಾಗ ಮಾತ್ರ ಸ್ಪಷ್ಟವಾಗಿ "ಮೊಬೈಲ್ ಸಂಖ್ಯೆ" ಅಂದಿತು. ನಾವು ಗೆದ್ದವರ ಹಾಗೆ ನಕ್ಕೆವು. ಆಮೇಲೆ ನಮ್ಮ ಗೆಳೆಯನ ಪುಟ. ಬುದ್ಧ, ಬಸವಣ್ಣ, ಫುಲೆ, ಪೆರಿಯಾರ್, ಬಾಬಾಸಾಹೇಬರ ಚಿತ್ರ. ಅದರ ಕೆಳಗೆ ನಾವೇ ಹಳೇ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಫೋಟೋ ತೆಗೆದು ಅಂಟಿಸಿದ ಕರಪತ್ರ, ಒಂಬತ್ತು ಬೇಡಿಕೆಗಳದ್ದು. ಮೊಬೈಲು ಹೇಳಿತು: "ಚಿತ್ರ. ಚಿತ್ರ. ಚಿತ್ರ." ಕೊನೆಯವರೆಗೂ ಅಷ್ಟೇ. ಸ್ಮಶಾನದ ಜಾಗ, ಬಗರ್‌ಹುಕುಂ, ಹಾಸ್ಟೆಲ್ ಎಲ್ಲ ಅದರೊಳಗೇ ಇತ್ತು.

ಮೇಷ್ಟ್ರು ಮೊಬೈಲನ್ನು ಕೆಳಗಿಟ್ಟರು. "ಅವರು ನನ್ನ ನಂಬರನ್ನಾದರೂ ಕೇಳಿದ್ರು ಕಣ್ರಯ್ಯಾ," ಅಂದರು. "ನೀವು ಅದನ್ನೂ ಕೇಳಲಿಲ್ಲ."

ನಮಗೆ ಮಾತು ಹೊರಡಲಿಲ್ಲ. ದುಡ್ಡಿಲ್ಲ ಅನ್ನುವ ನೆವವೂ ಇಲ್ಲಿ ನಡೆಯುವುದಿಲ್ಲ. ಆ ಕರಪತ್ರವನ್ನು ಯೂನಿಕೋಡಿನಲ್ಲಿ, ಬಿಳಿಯ ಮೇಲೆ ಕಪ್ಪು ಅಕ್ಷರದಲ್ಲಿ ಬೆರಳಚ್ಚು ಮಾಡಿ ಹಾಕಿದ್ದರೆ ಒಂದು ಪೈಸೆ ಹೆಚ್ಚು ಖರ್ಚಿರಲಿಲ್ಲ. ಪುಟವೂ ಬೇಗ ತೆರೆಯುತ್ತಿತ್ತು, ಕೇರಿಯ ಹಳೇ ಮೊಬೈಲುಗಳಲ್ಲೂ ಓದಲು ಸಿಗುತ್ತಿತ್ತು. ನಾವು ಹಾಗೆ ಮಾಡಲಿಲ್ಲ, ಯಾಕೆಂದರೆ ಬರುವವರು ನಮ್ಮ ಹಾಗೇ ಇರುತ್ತಾರೆ ಅಂದುಕೊಂಡಿದ್ದೆವು. ಬಾಬಾಸಾಹೇಬರ ಫೋಟೋ ಹಾಕಿದರೆ ಪುಟ ನಮ್ಮದಾಯಿತು, ಜನರದ್ದಾಯಿತು ಅಂತ ನಂಬಿದ್ದೆವು. ಮಹಾಡದ ಪುರಸಭೆಯವರೂ ಠರಾವು ಬರೆದು ಹಾಗೇ ಅಂದುಕೊಂಡಿರಬಹುದು. ಹುಡುಗ ಕೊಟ್ಟ ಎರಡು ಅಂಕ ತಪ್ಪು ಕಾರಣಕ್ಕೆ ಕೊಟ್ಟದ್ದು, ಆದರೆ ಅಂಕವೇ ತಪ್ಪು ಅಂತ ಈಗ ಹೇಳಲು ನಮಗೆ ಬಾಯಿಲ್ಲ.

ಅವನು ತನ್ನ ಅಂಕದ ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. ಕರಪತ್ರ ಎಲ್ಲಿದೆ ಅಂತ ಕೇಳಿದ. ಆವತ್ತು ರಾತ್ರಿ ಓದುಬಳಗದ ಹಳೇ ಕಂಪ್ಯೂಟರಿನ ಮುಂದೆ ಕೂತು ಬೇಡಿಕೆಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಿದ. ಮೇಷ್ಟ್ರು ಪಕ್ಕದಲ್ಲಿ ಕೂತು, ಒಂದೊಂದು ಮುಗಿದ ಹಾಗೆ ಮೊಬೈಲಿನಿಂದ ಓದಿಸಿ ಕೇಳುತ್ತಿದ್ದರು. ನಾಲ್ಕನೆಯ ಬೇಡಿಕೆಗೆ ಬಂದಾಗ ಕೈ ತೋರಿಸಿ ನಿಲ್ಲಿಸಿದರು. "ಇದೇನಯ್ಯಾ, ಓದಿದರೂ ಅರ್ಥವಾಗ್ತಿಲ್ಲ. ಯಾರು ಬರೆದದ್ದು ಇದನ್ನ?"

ನಾವೇ ಬರೆದದ್ದು.